ಕೋರ್ಟಿನಲ್ಲಿ ಹೇಳಿದ ಪ್ರಾರ್ಥನೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಜಗಳ ಗ್ಯಾರಂಟಿ. ಹೊಡೆದಾಟವಲ್ಲ, ಬರೀ ಮಾತು. ಬಡಿಸುವ ಮುಂಚೆ ಅಮ್ಮ ಪ್ರಾರ್ಥನೆ ಹೇಳುತ್ತಾಳೆ, ಆಮೆನ್ ಅಂದ ಕೂಡಲೇ ಯಾರಾದರೊಬ್ಬರು ಶುರು ಹಚ್ಚಿಕೊಳ್ಳುತ್ತಾರೆ. ಗುಲಾಮಗಿರಿ ಉಳಿಸಲು ಕಾದಾಡಿದ ಸೈನ್ಯದ ನೆನಪಿಗೆಂದು ಕೋರ್ಟಿನ ಮುಂದಿದ್ದ ಕಲ್ಲಿನ ಸಿಪಾಯಿಯನ್ನು ಕಿತ್ತು ಸ್ಮಶಾನದಲ್ಲಿ ನಿಲ್ಲಿಸಿದ್ದು ಸಾಕೇ, ಪುಡಿ ಮಾಡಿ ರಸ್ತೆಗೆ ಹಾಕಬೇಕಿತ್ತೇ? ಊರಲ್ಲಿ ಅಷ್ಟು ಮತಗಟ್ಟೆ ಇರುವಾಗ ನಮ್ಮ ಓಣಿಯದನ್ನೇ ಯಾಕೆ ಮುಚ್ಚಿದರು? ಮಕ್ಕಳ ಪುಸ್ತಕದಲ್ಲಿ ಗುಲಾಮರನ್ನು ಕೆಲಸಗಾರರು ಎಂದು ಬರೆದ ಪುಣ್ಯಾತ್ಮನಿಗೆ ಸಂಬಳ ಕೊಡುವವರು ಯಾರು? ಅಲಸಂದೆ ಕಾಳು ತಣ್ಣಗಾಗುತ್ತದೆ, ಯಾರಿಗೂ ಅದರ ಚಿಂತೆಯಿಲ್ಲ. ಹೊಸದಾಗಿ ಬಂದವರು ಹೆದರಿಕೊಂಡು ಬೇಗ ಎದ್ದು ಹೋಗುತ್ತಾರೆ, ನಮಗೆ ಮಾತ್ರ ಹಾಗೆ ಮಾತಾಡದಿದ್ದರೆ ಊಟ ಸೇರುವುದಿಲ್ಲ.

ಮನೆ ಅಮ್ಮನದು. ಅಮ್ಮ ಅಂದರೆ ಓಜೆಲಾ ಟಾಲಿವರ್, ಎಂಬತ್ತು ದಾಟಿದವಳು, ಚರ್ಚಿನಲ್ಲಿ ಎಲ್ಲರಿಗೂ ತಾಯಿ ಟಾಲಿವರ್. ಅವಳ ಮಗ ಹೊರೇಸ್ ನನ್ನ ಅಣ್ಣ. ಟಯರ್ ಕಾರ್ಖಾನೆಯಲ್ಲಿ ಕೆಲಸ, ಬಾಯಿ ತೆರೆಯುವುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ. ಅವನ ಹೆಂಡತಿ ರೊವೀನಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವಳು. ಅವರ ಮಗಳು ಸಿಮೋನ್ ಕಾಲೇಜು ಮುಗಿಸಿ ಬಂದು, ದೇಶದ ಸುದ್ದಿ, ಕರಿಯರ ಬಿಳಿಯರ ತಕರಾರು, ನ್ಯಾಯ, ಹಾಡು, ಸಿನಿಮಾ ಎಲ್ಲದರ ಬಗ್ಗೆ ವಾರಕ್ಕೊಮ್ಮೆ ಇಂಟರ್ನೆಟ್ಟಿನಲ್ಲಿ ಮಾತಾಡುವ ಕಾರ್ಯಕ್ರಮ ನಡೆಸುತ್ತಾಳೆ. ನಾನು ಅರ್ನೆಟ್ಟಾ, ಶಾಲೆಯ ಬಸ್ಸು ಓಡಿಸುತ್ತೇನೆ. ಗಂಡನನ್ನು ಬಿಟ್ಟು ತವರಿಗೆ ಬಂದು ಬಹಳ ಕಾಲವಾಯಿತು, ಅದಕ್ಕೆ ಯಾರೂ ಅಳಬೇಕಾಗಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ವಾದ ರೊವೀನಾಳದು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಅವಳು ಬಾಯಿ ಬಿಡುವುದಿಲ್ಲ. ನಾವು ಯಾರಾದರೂ ಕೂಗಾಡಿದರೆ, ಇದನ್ನ ನೀನೇ ಓದಿದ್ಯೋ, ಯಾರೋ ಹೇಳಿದ್ದೋ ಅಂತ ಒಂದೇ ಪ್ರಶ್ನೆ ಹಾಕಿ ಗಾಳಿ ತೆಗೆಯುತ್ತಾಳೆ. ಅಮ್ಮನಿಗೂ ಅವಳಿಗೂ ಮದುವೆಯಾದ ವರ್ಷದಿಂದ ಒಂದು ದಿನವೂ ಒಮ್ಮತ ಬಂದದ್ದಿಲ್ಲ. ಲಾಯರ್ ಅಮ್ಮಣ್ಣಿ ಏನಂತಾಳೆ ಕೇಳಿ ಎಂದು ಅಮ್ಮ ಹಂಗಿಸುತ್ತಾಳೆ, ಆದರೆ ರೊವೀನಾ ಕೆಲಸದಿಂದ ಬರುವುದು ತಡವಾದರೆ ಯಾವ ಸುದ್ದಿಯನ್ನೂ ಶುರು ಮಾಡಲು ಬಿಡುವುದಿಲ್ಲ.

ಕಳೆದ ಶರತ್ಕಾಲದಲ್ಲಿ ಆ ರೊವೀನಾಳಿಗೆ, ಮೊಕದ್ದಮೆ ಕೇಳಿ ತೀರ್ಪು ಕೊಡುವ ಹನ್ನೆರಡು ಜನ ಊರವರ ಜ್ಯೂರಿಗೆ ಬರಬೇಕೆಂದು ಕೋರ್ಟಿನಿಂದ ಕರೆ ಬಂತು. ಮುಂಚೆಯೂ ಎರಡು ಸಲ ಬಂದಿತ್ತು. ಎರಡು ಸಲವೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಿ, ವಕೀಲರು ನಾಲ್ಕು ಪ್ರಶ್ನೆ ಕೇಳಿ ನೀವು ಬೇಡ ಅಂದಮೇಲೆ ಸುಮ್ಮನೆ ವಾಪಸ್ಸು ಬಂದಿದ್ದಳು. ಜಾರ್ಜಿಯಾದ ನಮ್ಮ ಊರಿನಲ್ಲಿ ಕರಿಯರಾದ ನಮಗೆ ಇದೇನು ಹೊಸದಲ್ಲ. ಅವಳ ಅಜ್ಜನನ್ನು ಇದೇ ಕೋರ್ಟಿನಲ್ಲಿ ಹನ್ನೆರಡು ಜನ ಬಿಳಿಯರು ಮಧ್ಯಾಹ್ನದ ಊಟಕ್ಕೆ ಮುಂಚೆ ತೀರ್ಮಾನಿಸಿ ಜೈಲಿಗೆ ಕಳಿಸಿದ್ದರು. ಅಜ್ಜನ ಕಡೆಯ ಮಾತು ಏನೆಂದು ಕೇಳಿದವರೂ ಇರಲಿಲ್ಲವಂತೆ. ಆ ಹನ್ನೆರಡು ಕುರ್ಚಿಗಳಲ್ಲಿ ಒಂದರ ಮೇಲೆ ತಾನು ಒಮ್ಮೆ ಕೂರಬೇಕು, ಕೂತು ಕೇಳಬೇಕು ಎಂಬ ಆಸೆ ಅವಳಿಗೆ ಬಹಳ ಇತ್ತು. ಅದನ್ನು ಅವಳು ಹೇಳಿದ್ದು ನನಗೊಬ್ಬಳಿಗೆ.

ಈ ಸಲ ಅವಳನ್ನು ಉಳಿಸಿಕೊಂಡರು. ಮೊಕದ್ದಮೆ ಯಾವುದು ಗೊತ್ತೇ? ಊರೆಲ್ಲ ಅದನ್ನೇ ಮಾತಾಡುತ್ತಿತ್ತು. ಕೇವೊನ್ ಬಾಸ್ಕಿನ್ ಎಂಬ ಹತ್ತೊಂಬತ್ತರ ಹುಡುಗ ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಹೊರಟಿದ್ದ. ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಷೆರಿಫನ ಕಡೆಯ ಪೊಲೀಸೊಬ್ಬ ನಿಲ್ಲಿಸಿದ. ಹುಡುಗ ಕಾಗದ ತೆಗೆಯಲು ಬಗ್ಗಿದ, ಪೊಲೀಸು ಗುಂಡು ಹೊಡೆದ. ಈಗ ಆ ಪೊಲೀಸಿನವನ ಮೇಲೆ ಕೊಲೆ ಮೊಕದ್ದಮೆ. ಹನ್ನೆರಡು ಜನ ಜ್ಯೂರಿಯಲ್ಲಿ ನಮ್ಮವರು ಇಬ್ಬರೇ, ರೊವೀನಾ ಮತ್ತು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್.

ಮೊದಲ ದಿನವೇ ನ್ಯಾಯಾಧೀಶೆ ಜ್ಯೂರಿಯವರಿಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ರಾತ್ರಿ ಅವರವರ ಮನೆಗೆ ಹೋಗಬಹುದು, ಆದರೆ ಈ ಮೊಕದ್ದಮೆಯ ಬಗ್ಗೆ ಯಾರ ಹತ್ತಿರವೂ ಮಾತಾಡಕೂಡದು, ಓದಕೂಡದು, ಯಾರಾದರೂ ಕಿವಿಗೆ ಹಾಕಿದರೆ ತಕ್ಷಣ ಬಂದು ತಿಳಿಸಬೇಕು. ರೊವೀನಾ ಅದನ್ನು ಊಟದ ಟೇಬಲ್ಲಿನಲ್ಲಿ ನಮಗೆ ಒಪ್ಪಿಸಿದಾಗ ಅಣ್ಣ ತಲೆಯೆತ್ತಿ ನಮ್ಮೆಲ್ಲರ ಮುಖ ನೋಡಿದ. ಈ ಮನೆಗೆ ಇಂಥ ನಿಯಮವೇ ಎಂದು ಅವನ ಮುಖದಲ್ಲಿ ಬರೆದಿತ್ತು.

ಪಾಪ, ಪ್ರಯತ್ನ ಪಟ್ಟೆವು. ಟಿ.ವಿ.ಯ ಸುದ್ದಿ ಬಂದ್. ಪೇಪರು ನೇರ ನನ್ನ ಬಸ್ಸಿಗೆ. ಸಿಮೋನ್ ತನ್ನ ಕಾರ್ಯಕ್ರಮವನ್ನು ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತು ಮಾಡತೊಡಗಿದಳು. ಊಟಕ್ಕೆ ಕೂತರೆ ಹವಾಮಾನ, ಬೆಂಡೆಕಾಯಿ ಬಲಿತಿದೆ, ಚರ್ಚಿನ ಫ್ಯಾನು ಸದ್ದು ಮಾಡುತ್ತದೆ, ಇಷ್ಟೇ. ಒಂದು ದಿನ ಅಮ್ಮ ಗೆಣಸಿನ ಪೈ ಬಗ್ಗೆ ಅರ್ಧ ಊಟದ ತನಕ ಮಾತಾಡಿದಳು. ನನಗೆ ಎದ್ದು ಓಡಿ ಹೋಗೋಣ ಅನ್ನಿಸಿತು. ಆದರೆ ರೊವೀನಾ ಆ ವಾರಗಳಲ್ಲಿ ಹೇಗಿದ್ದಳೆಂದರೆ, ಅವಳನ್ನು ನೋಡಿದರೆ ನಮಗೇ ನಾಲಿಗೆ ಬಿಗಿ ಹಿಡಿಯಬೇಕು ಅನ್ನಿಸುತ್ತಿತ್ತು. ಸಂಜೆ ಬಂದು ಪಾತ್ರೆ ತೊಳೆಯುತ್ತ ನಿಂತರೆ ನಿಂತೇ ಇರುತ್ತಿದ್ದಳು. ಏನನ್ನೋ ನೋಡಿ ಬಂದಿದ್ದಾಳೆ, ಹೇಳುವ ಹಾಗಿಲ್ಲ ಎಂದು ಗೊತ್ತಾಗುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಒರೆಸುತ್ತಿದ್ದೆ.

ಯಡವಟ್ಟಾದದ್ದು ಪ್ರಾರ್ಥನೆಯಿಂದ.

ನಮ್ಮ ಚರ್ಚಿನವರಿಗೆ ಬೆಳಗಾಗುತ್ತಿದ್ದಂತೆ ಪ್ರಾರ್ಥನೆಯ ಕರೆ ಎಂದು ಒಂದು ಪದ್ಧತಿ ಇದೆ. ಎಲ್ಲರೂ ಅವರವರ ಮನೆಯಿಂದ ಒಂದೇ ನಂಬರಿಗೆ ಫೋನು ಮಾಡುತ್ತಾರೆ, ಒಬ್ಬರು ಪ್ರಾರ್ಥಿಸುತ್ತಾರೆ, ಮಿಕ್ಕವರು ಆಮೆನ್ ಅನ್ನುತ್ತ ತಿಂಡಿ ಮಾಡುತ್ತಾರೆ, ಗಡ್ಡ ಬೋಳಿಸುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅಮ್ಮನ ಫೋನು ಸಕ್ಕರೆ ಡಬ್ಬಿಗೆ ಒರಗಿಕೊಂಡು ಜೋರಾಗಿ ಒದರುತ್ತಿರುತ್ತದೆ. ಆ ದಿನ ಪ್ರಾರ್ಥಿಸುವ ಸರದಿ ಅಮ್ಮನದು. ರೊವೀನಾ ಒಲೆಯ ಮುಂದೆ ಜೋಳದ ಗಂಜಿ ತಿರುವುತ್ತಿದ್ದಳು, ನಾನು ಬೂಟು ಹಾಕಿಕೊಳ್ಳುತ್ತಿದ್ದೆ. ಅಮ್ಮ ಕಾಯಿಲೆಯವರಿಗೆ ಪ್ರಾರ್ಥಿಸಿದಳು, ಕೆಲಸ ಕಳೆದುಕೊಂಡವರಿಗೆ ಪ್ರಾರ್ಥಿಸಿದಳು. ಆಮೇಲೆ ಧ್ವನಿ ಏರಿತು. ಅಮ್ಮನ ಧ್ವನಿ ಏರಿದರೆ ಅವಳ ಕೈಯಲ್ಲೂ ಇರುವುದಿಲ್ಲ.

"ಪ್ರಭುವೇ, ಆ ಹುಡುಗನ ತಾಯಿಯ ಕಣ್ಣೀರು ನೀನು ನೋಡಿದ್ದೀಯ. ಗುಂಡು ಹೊಡೆದವನನ್ನು ಜೈಲಿಗೆ ಕಳಿಸು. ಕೊಲೆಗೆ ಕೊಲೆ ಅಂತಲೇ ಹೆಸರಿಡಿಸು. ಅಲ್ಲಿ ಕೂತಿರೋ ನನ್ನ ಸೊಸೆಯ ಬೆನ್ನು ಬಗ್ಗದಿರಲಿ. ಅದಕ್ಕಿಂತ ಕಡಿಮೆ ತೀರ್ಪು ಹೊತ್ತುಕೊಂಡು ಅವಳು ಈ ಮನೆಗೆ ಬರೋದು ಬೇಡ ಪ್ರಭುವೇ."

ಆ ಕಡೆಯಿಂದ ಎಷ್ಟೋ ಮನೆಗಳ ಆಮೆನ್ ಒಟ್ಟಿಗೆ ಬಂತು. ರೊವೀನಾ ಒಲೆ ಆರಿಸಿದಳು. ಅಮ್ಮ ಕಣ್ಣು ಒರೆಸಿಕೊಂಡು ಫೋನು ಮುಚ್ಚಿದ ಮೇಲೆ ರೊವೀನಾ ಮೆಲ್ಲಗೆ ಹೇಳಿದಳು.

"ಅತ್ತೆ, ಇದನ್ನ ನಾನು ನ್ಯಾಯಾಧೀಶರಿಗೆ ಹೇಳ್ಬೇಕಾಗತ್ತೆ."

"ಯಾವುದನ್ನ?"

"ನೀವೀಗ ಹೇಳಿದ್ದನ್ನ."

"ನಾನು ನಿನ್ನ ಜೊತೆ ಮಾತೇ ಆಡ್ಲಿಲ್ವಲ್ಲೇ. ದೇವರ ಜೊತೆ ಮಾತಾಡ್ತಿದ್ದೆ. ಮಧ್ಯೆ ನೀನು ಕೇಳಿಸ್ಕೊಂಡ್ರೆ ಅದು ನಿನ್ನ ಕಿವಿ ತಪ್ಪು."

ನನಗೆ ನಗು ಬಂತು, ರೊವೀನಾಳ ಮುಖ ನೋಡಿ ನುಂಗಿಕೊಂಡೆ. ಅಷ್ಟರಲ್ಲಿ ಸಿಮೋನ್ ಹಲ್ಲುಜ್ಜುವ ಬ್ರಷ್ಷು ಹಿಡಿದೇ ಬಂದಳು. ಅವಳಿಗೆ ತಕ್ಷಣ ಅರ್ಥವಾಗಿತ್ತು, ಅವಳ ತಾಯಿ ಕೋರ್ಟಿಗೆ ಹೋಗಿ ಇದನ್ನು ಹೇಳಿದರೆ ಜ್ಯೂರಿಯಿಂದ ತೆಗೆದೇ ಬಿಡುತ್ತಾರೆ.

"ಮಮ್ಮಿ, ಅಲ್ಲಿ ನಮ್ಮವರು ಇರೋದೇ ಇಬ್ಬರು. ನೀನು ಬಾಯಿ ಬಿಟ್ರೆ ಕುರ್ಚಿ ಹೋಯ್ತು ಅಂತ್ಲೇ ತಿಳ್ಕೋ. ಮಿಕ್ಕ ಹತ್ತು ಜನರಲ್ಲಿ ಯಾರಾದ್ರೂ ಗಾಲ್ಫ್ ಆಡ್ತಾ ಏನಾದ್ರೂ ಕೇಳಿಸ್ಕೊಂಡಿದ್ರೆ ಹೋಗಿ ಹೇಳ್ತಿದ್ರು ಅಂತೀಯಾ?"

"ಅವರು ಹೇಳ್ತಾರೋ ಬಿಡ್ತಾರೋ ನಂಗೊತ್ತಿಲ್ಲ. ಕೈಯೆತ್ತಿ ಪ್ರಮಾಣ ಮಾಡಿದ್ದು ನಾನು."

"ಅದು ಅವರು ಮಾಡ್ಕೊಂಡಿರೋ ನಿಯಮ."

"ಇರ್ಬಹುದು. ಆ ಕುರ್ಚಿ ಮೇಲೆ ನಾನು ಕೂತ ಮೇಲೆ ನಂದೂ ಹೌದು."

ಸಿಮೋನ್ ಇನ್ನೂ ಏನೇನೋ ಹೇಳಿದಳು. ಇನ್ನೂರು ವರ್ಷ ನಮ್ಮನ್ನು ಹೊರಗಿಟ್ಟವರ ಮುಂದೆ ನೀನೊಬ್ಬಳು ಸಾಚಾ ಆಗಿ ಏನು ಬಂತು ಅಂದಳು. ಅಮ್ಮ ನಡುವೆ ಬಾಯಿ ಹಾಕಿ, ನನ್ನ ಪ್ರಾರ್ಥನೆಯನ್ನು ಕೋರ್ಟಿಗೆ ಹೊತ್ತುಕೊಂಡು ಹೋಗಿ ದೂರು ಕೊಡುತ್ತಾಳಂತೆ, ಇಂಥ ಸೊಸೆಯನ್ನು ಎಲ್ಲಿಂದ ತಂದೆಯೋ ಎಂದು ಅಣ್ಣನನ್ನು ಕೇಳಿದಳು. ಅಣ್ಣ ಅಷ್ಟು ಹೊತ್ತಿಗೆ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ರೊವೀನಾ ಏನೂ ತಿನ್ನದೆ ಅವನ ಜೊತೆ ಹೊರಟು ಹೋದಳು.

ಅಂದು ಮಧ್ಯಾಹ್ನವೇ ಮನೆಗೆ ಕೋರ್ಟಿನ ಮನುಷ್ಯ ಬಂದ. ಮರುದಿನ ಬೆಳಿಗ್ಗೆ ಅಮ್ಮ ಹಾಜರಾಗಿ ತಾನು ಏನು ಪ್ರಾರ್ಥಿಸಿದಳೆಂದು ಪ್ರಮಾಣ ಮಾಡಿ ಹೇಳಬೇಕು, ಅದನ್ನು ಕೇಳಿದ ಮೇಲೆ ರೊವೀನಾಳನ್ನು ಉಳಿಸಿಕೊಳ್ಳಬೇಕೋ ಕಳಿಸಬೇಕೋ ತೀರ್ಮಾನ ಎಂದು ತಿಳಿಸಿ ಹೋದ. ಅಮ್ಮ ಅವನಿಗೆ ಕೂರಲು ಹೇಳಿದಳು, ಐಸು ಹಾಕಿದ ಸಿಹಿ ಚಹಾ ಕೊಟ್ಟಳು, ಅವನು ಹೋದ ಮೇಲೆ ಲೋಟವನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಸಂಜೆ ಅಮ್ಮ ಮೀನು ಹುರಿದಳು. ಅವಳು ಮೀನು ಹುರಿದರೆ ಎದುರು ಮನೆಯ ನಾಯಿಯೂ ನಮ್ಮ ಬಾಗಿಲಿಗೆ ಬರುತ್ತದೆ. ಸೊಪ್ಪು ಬೇಯಿಸಿದಳು, ಜೋಳದ ರೊಟ್ಟಿ ಸುಟ್ಟಳು. ಟೇಬಲ್ಲಿಗೆ ನಾಲ್ಕೇ ತಟ್ಟೆ ಹಾಕಿದಳು. ರೊವೀನಾ ಬಂದು ನೋಡಿದಳು, ಕೈ ತೊಳೆದುಕೊಂಡು ಹೊರಗಿನ ಜಗುಲಿಗೆ ಹೋಗಿ ಕೂತಳು. ನಾನು ಏಳಬೇಕೆನ್ನುವಷ್ಟರಲ್ಲಿ ಅಣ್ಣ ಎದ್ದ. ತನ್ನ ತಟ್ಟೆಯನ್ನು ತುಂಬಿಸಿಕೊಂಡು, ಎರಡು ಫೋರ್ಕು ತೆಗೆದುಕೊಂಡು ಜಗುಲಿಗೆ ಹೋದ. ಅಮ್ಮ, ಸಿಮೋನ್, ನಾನು, ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು.

ಊಟವಾದ ಮೇಲೆ ಸಿಮೋನ್ ಅಜ್ಜಿಯ ಪಕ್ಕ ಕೂತು ಉಪಾಯ ಹೇಳಿಕೊಟ್ಟಳು. ಸುಳ್ಳು ಹೇಳುವುದೇನೂ ಬೇಡವಂತೆ, ಸ್ವಲ್ಪ ತೆಳು ಮಾಡಿದರೆ ಸಾಕಂತೆ. ನ್ಯಾಯ ಸಿಗಲಿ ಎಂದು ಕೇಳಿಕೊಂಡೆ, ಜ್ಯೂರಿಯವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಕೇಳಿಕೊಂಡೆ, ಅಷ್ಟು ಹೇಳಿದರೆ ಮಮ್ಮಿಯ ಕುರ್ಚಿ ಉಳಿಯುತ್ತದೆ. ಅಮ್ಮ ತಟ್ಟೆಯ ಮೀನಿನ ಮುಳ್ಳುಗಳನ್ನು ಒಟ್ಟುಗೂಡಿಸುತ್ತ ಕೇಳಿಸಿಕೊಂಡಳು. ನನಗೂ ಆ ಉಪಾಯ ಸರಿ ಅನ್ನಿಸಿತು, ಯಾಕೆ ಮುಚ್ಚಿಡಲಿ. ರೊವೀನಾ ಆ ಕುರ್ಚಿ ಕಳೆದುಕೊಂಡು ಮನೆಗೆ ಬರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಬೆಳಿಗ್ಗೆ ಅಮ್ಮ ಚರ್ಚಿನ ಹಿರಿಯ ತಾಯಂದಿರು ಹಾಕುವ ಬಿಳಿ ಉಡುಪು ಹಾಕಿದಳು, ಬಿಳಿ ಟೋಪಿ, ಬಿಳಿ ಕೈಚೀಲ. ಬಸ್ಸಿಗೆ ಬೇರೆಯವರನ್ನು ಹಚ್ಚಿ ನಾನೇ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದೆ, ಸಿಮೋನ್ ಹಿಂದೆ ಕೂತಳು. ದಾರಿಯಲ್ಲಿ ಅಮ್ಮ ಕಿಟಕಿ ಏರಿಸು ಅಂದಳು. ಏರಿಸಿದೆ. ಕಣ್ಣು ಮುಚ್ಚಿ ತುಟಿ ಆಡಿಸುತ್ತ ಕೂತಳು.

ಕೋರ್ಟಿನಲ್ಲಿ ಮಿಕ್ಕ ಜ್ಯೂರಿಯವರನ್ನು ಒಳಗಿನ ಕೋಣೆಗೆ ಕಳಿಸಿದ್ದರು. ರೊವೀನಾ ಒಬ್ಬಳೇ ಒಂದು ಬದಿಯಲ್ಲಿ ಕೂತಿದ್ದಳು. ಎದುರು ಬೆಂಚಿನಲ್ಲಿ ಸತ್ತ ಹುಡುಗನ ತಾಯಿ ಕೊರೀಥಾ ಬಾಸ್ಕಿನ್. ಕೋಳಿ ಕಾರ್ಖಾನೆಯಲ್ಲಿ ಮಗ ಮಾಡುತ್ತಿದ್ದ ಪಾಳಿಯಲ್ಲೇ ಅವಳೂ ಕೆಲಸ ಮಾಡುತ್ತಿದ್ದಳು, ಅವನು ಹೋದ ಮೇಲೆ ಬಿಟ್ಟಿದ್ದಳು. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ತಲೆಬಾಗಿಸಿ ನಮಸ್ಕಾರ ಹೇಳಿ ಸಾಕ್ಷಿಯ ಕಟಕಟೆ ಹತ್ತಿದಳು.

ಗುಮಾಸ್ತೆ ಹೆಸರು ಕೇಳಿದಳು.

"ಶ್ರೀಮತಿ ಟಾಲಿವರ್."

"ಪೂರ್ತಿ ಹೆಸರು?"

"ಶ್ರೀಮತಿ ಓ. ಟಾಲಿವರ್."

ಗುಮಾಸ್ತೆ ಚಿಕ್ಕ ಹುಡುಗಿ, ಅವಳಿಗೆ ಅರ್ಥವಾಗಲಿಲ್ಲ. ಅಮ್ಮನ ಕಾಲದಲ್ಲಿ ಈ ಕಟಕಟೆಯಲ್ಲಿ ನಿಂತ ನಮ್ಮ ಹೆಂಗಸರನ್ನು, ಮೊಮ್ಮಕ್ಕಳನ್ನು ಕಂಡವರನ್ನೂ, ವಕೀಲರು ಬರೀ ಹೆಸರು ಹಿಡಿದು ಕೂಗುತ್ತಿದ್ದರು. ಬಿಳಿಯ ಹೆಂಗಸರು ಮಾತ್ರ ಶ್ರೀಮತಿಯರು. ಹಾಗಾಗಿ ಅವಳ ಓರಗೆಯವರು ಹೊರಗಿನವರಿಗೆ ಹೆಸರು ಕೊಡುವುದೇ ಇಲ್ಲ, ಒಂದು ಅಕ್ಷರ ಕೊಟ್ಟು ನಿಲ್ಲಿಸುತ್ತಾರೆ. ನ್ಯಾಯಾಧೀಶೆ ನಡುವಯಸ್ಸಿನ ಬಿಳಿಯ ಹೆಂಗಸು, ಇದೇ ಊರಲ್ಲಿ ಹುಟ್ಟಿದವರು, ಅವರಿಗೆ ಗೊತ್ತಾಯಿತು. ಶ್ರೀಮತಿ ಟಾಲಿವರ್ ಅಂತಲೇ ಬರೆದುಕೊಳ್ಳಿ, ಅಷ್ಟು ಸಾಕು ಅಂದರು.

ಪೊಲೀಸಿನವನ ಪರ ವಕೀಲ ಎದ್ದು ನಿಂತ. ನಯವಾಗಿಯೇ ಮಾತಾಡಿದ, ನೆನಪಿದ್ದಷ್ಟು ಹೇಳಿದರೆ ಸಾಕಮ್ಮ ಅಂದ. ಸಿಮೋನ್ ನನ್ನ ಮೊಣಕೈ ಹಿಡಿದುಕೊಂಡಳು. ಅಮ್ಮ ಕಣ್ಣು ಮುಚ್ಚಿದಳು. ಕಾಯಿಲೆಯವರಿಂದ ಶುರು ಮಾಡಿದಳು, ಕೆಲಸ ಕಳೆದುಕೊಂಡವರನ್ನೂ ಬಿಡಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಏರಿದ ಹಾಗೇ ಅವಳ ಧ್ವನಿ ಏರಿತು. ಆ ಹುಡುಗನ ತಾಯಿಯ ಕಣ್ಣೀರು ನೀನು ನೋಡಿದ್ದೀಯ. ಗುಂಡು ಹೊಡೆದವನನ್ನು ಜೈಲಿಗೆ ಕಳಿಸು. ಕೊಲೆಗೆ ಕೊಲೆ ಅಂತಲೇ ಹೆಸರಿಡಿಸು. ಅಲ್ಲಿ ಕೂತಿರೋ ನನ್ನ ಸೊಸೆಯ ಬೆನ್ನು ಬಗ್ಗದಿರಲಿ. ಅದಕ್ಕಿಂತ ಕಡಿಮೆ ತೀರ್ಪು ಹೊತ್ತುಕೊಂಡು ಅವಳು ಈ ಮನೆಗೆ ಬರೋದು ಬೇಡ. ಒಂದು ಮಾತನ್ನೂ ತೆಳು ಮಾಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಆಮೆನ್ ಅಂದುಬಿಟ್ಟು ಬಾಯಿ ಮುಚ್ಚಿಕೊಂಡರು. ಸಿಮೋನ್ ನನ್ನ ಮೊಣಕೈ ಬಿಟ್ಟಳು. ಎಲ್ಲ ಮುಗಿಯಿತು ಅಂದುಕೊಂಡೆ, ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಮ್ಮಮ್ಮನಷ್ಟು ದೊಡ್ಡ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ ಅನ್ನಿಸಿತು.

"ಅಂದ್ರೆ, ಶಿಕ್ಷೆ ಆಗ್ಲಿ ಅಂತ್ಲೇ ಕೇಳ್ಕೊಂಡ್ರಿ," ಅಂದ ವಕೀಲ.

"ಹೌದು. ಇವತ್ತೂ ಕೇಳ್ಕೊಂಡೆ. ಆದ್ರೆ ಕಾರಲ್ಲಿ, ಕಿಟಕಿ ಮುಚ್ಕೊಂಡು."

"ನಿಮ್ಮ ಸೊಸೆಗೆ ಕೇಳಿಸ್ಲಿ ಅಂತ ಜೋರಾಗಿ ಹೇಳಿದ್ರಾ?"

ಅಮ್ಮ ಸ್ವಲ್ಪ ಯೋಚಿಸಿದಳು. "ದೇವರಿಗೆ ಕಿವಿ ಮಂದ ಇಲ್ಲ. ನಾನು ಜೋರಾಗಿ ಹೇಳಿದ್ದು ಹೊಟ್ಟೆ ಉರೀತಿತ್ತು ಅಂತ. ಅವಳು ಅಲ್ಲೇ ಇದಾಳೆ ಅನ್ನೋದು ಮರೆತಿರ್ಲಿಲ್ಲ. ಅದು ನನ್ನ ತಪ್ಪು."

ವಕೀಲ ತಕ್ಷಣ ನ್ಯಾಯಾಧೀಶೆಯ ಕಡೆ ತಿರುಗಿ, ಈ ಜ್ಯೂರರನ್ನು ತೆಗೆಯಲೇಬೇಕು ಎಂದು ಕೇಳಿದ. ನ್ಯಾಯಾಧೀಶೆ ರೊವೀನಾಳನ್ನು ಮುಂದೆ ಕರೆದರು. ಈ ಪ್ರಾರ್ಥನೆ ಕೇಳಿ ಮನಸ್ಸು ಒಂದು ಕಡೆಗೆ ವಾಲಿತೇ ಎಂದು ಕೇಳಿದರು. ಇಲ್ಲ ಅಂದಳು. ವಕೀಲನಿಗೆ ಸಮಾಧಾನವಾಗಲಿಲ್ಲ.

"ನಾಳೆ ನಿಮ್ಮತ್ತೆಗೆ ಬೇಡವಾದ ತೀರ್ಪು ಕೊಟ್ಟು ಅದೇ ಮನೆಗೆ ಹೋಗೋಕೆ ನಿಮ್ಮಿಂದ ಆಗತ್ತಾ?"

ರೊವೀನಾ ಅಮ್ಮನ ಕಡೆ ಒಮ್ಮೆ ನೋಡಿದಳು. "ಸ್ವಾಮಿ, ಇಪ್ಪತ್ತಾರು ವರ್ಷದಿಂದ ಅವರೂ ನಾನೂ ಒಂದೇ ಅಡುಗೆಮನೇಲಿದೀವಿ. ಸೊಪ್ಪಿಗೆ ಎಷ್ಟು ಉಪ್ಪು ಹಾಕ್ಬೇಕು ಅನ್ನೋದ್ರಿಂದ ಹಿಡಿದು ಯಾರಿಗೆ ಓಟು ಹಾಕ್ಬೇಕು ಅನ್ನೋವರೆಗೆ ದಿನಾ ಹೇಳ್ತಾರೆ, ಇದಕ್ಕಿಂತ ಜೋರಾಗಿ ಹೇಳ್ತಾರೆ. ನಾನು ಒಂದಿನಾನೂ ಅವರು ಹೇಳಿದ ಹಾಗೆ ಮಾಡಿಲ್ಲ. ನಿನ್ನೆ ಸಂಜೆ ನನಗೆ ತಟ್ಟೆ ಹಾಕ್ಲಿಲ್ಲ. ಆದ್ರೂ ಇವತ್ತು ಬಂದು ಇಲ್ಲಿ ಕೂತಿದೀನಿ."

ಸರ್ಕಾರಿ ವಕೀಲ ಕಾಗದದಿಂದ ಮುಖ ಮುಚ್ಚಿಕೊಂಡ. ನ್ಯಾಯಾಧೀಶೆ ನಗಲಿಲ್ಲ, ಆದರೆ ಅಮ್ಮನ ಕಡೆ ತಿರುಗಿ ಕೇಳಿದರು.

"ಶ್ರೀಮತಿ ಟಾಲಿವರ್, ನೀವಿನ್ನೂ ಪ್ರಮಾಣದ ಮೇಲೇ ಇದೀರಿ. ಅವರು ಹೇಳಿದ್ದು ನಿಜಾನಾ?"

"ನಿಜ," ಅಂದಳು ಅಮ್ಮ. "ಮಹಾ ಮೊಂಡಿ."

ರೊವೀನಾಳನ್ನು ಉಳಿಸಿಕೊಂಡರು.

ಅಂದು ಸಂಜೆ ಟೇಬಲ್ಲಿಗೆ ಐದು ತಟ್ಟೆ ಬಂದವು. ಹಾಗೆಂದು ಅಮ್ಮನ ಸಿಟ್ಟು ಇಳಿದಿತ್ತು ಅಂದುಕೊಳ್ಳಬೇಡಿ. ನನ್ನನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದಳು ಎಂದು ಬಂದವರಿಗೆಲ್ಲ ಹೇಳಿಕೊಂಡಳು. ರೊವೀನಾಳ ಜೊತೆ ಮಾತಿಲ್ಲ. ಉಪ್ಪು ಬೇಕಾದರೆ, ಅರ್ನೆಟ್ಟಾ, ಅವಳಿಗೆ ಉಪ್ಪು ಕೊಡು ಅನ್ನುವಳು, ಉಪ್ಪು ಇಬ್ಬರ ನಡುವೆಯೇ ಇದ್ದರೂ. ಬೆಳಗಿನ ಕರೆಯನ್ನು ಮಾತ್ರ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳತೊಡಗಿದಳು.

ಮೊಕದ್ದಮೆ ಇನ್ನೆರಡು ವಾರ ನಡೆಯಿತು. ಜ್ಯೂರಿಯವರು ಒಳಗೆ ಹೋಗಿ ಮೂರು ದಿನ ಚರ್ಚೆ ಮಾಡಿದರು. ಕೊಲೆಯ ಆರೋಪ ನಿಲ್ಲಲಿಲ್ಲ, ಅದಕ್ಕಿಂತ ಕೆಳಗಿನದು ನಿಂತಿತು. ಬೇಕೆಂದು ಕೊಂದನೆಂದು ಹನ್ನೆರಡು ಜನ ಒಪ್ಪಲಿಲ್ಲ, ಹೊಡೆಯಬಾರದಿತ್ತು, ಹೊಡೆದ, ಹುಡುಗ ಸತ್ತ ಎಂಬುದನ್ನು ಎಲ್ಲರೂ ಒಪ್ಪಿದರು. ಪೊಲೀಸಿನವನಿಗೆ ಜೈಲಾಯಿತು, ಆದರೆ ಊರು ಕೇಳಿದಷ್ಟು ವರ್ಷವಲ್ಲ. ನಮ್ಮವರಲ್ಲಿ ಅರ್ಧ ಜನ ದೇವರಿಗೆ ಸ್ತೋತ್ರ ಅಂದರು, ಅರ್ಧ ಜನ ಉಗಿದರು. ಸಿಮೋನ್ ಆ ವಾರ ತನ್ನ ಕಾರ್ಯಕ್ರಮದಲ್ಲಿ ತೀರ್ಪನ್ನು ಹಿಗ್ಗಾಮುಗ್ಗಾ ಝಾಡಿಸಿದಳು, ತಾಯಿ ಅದೇ ಜ್ಯೂರಿಯಲ್ಲಿದ್ದಳೆಂಬುದನ್ನೂ ಮುಚ್ಚಿಡಲಿಲ್ಲ. ರೊವೀನಾ ಅದನ್ನು ಅಡುಗೆಮನೆಯಲ್ಲಿ ಕೂತು ಪೂರ್ತಿ ಕೇಳಿ, ಎರಡು ಕಡೆ ವಿಷಯ ತಪ್ಪಿದೆ, ಮಿಕ್ಕಿದ್ದು ಚೆನ್ನಾಗಿ ಹೇಳಿದೀಯ ಅಂದಳು. ಸಿಮೋನ್ ಅತ್ತಳು.

ಅಮ್ಮ ಒಂದೇ ಮಾತು ಆಡಿದಳು. "ಅರ್ಧ ತಂದಳು."

"ನನಗೆ ಕಂಡಿದ್ದು ಅಷ್ಟು, ಅತ್ತೆ," ಅಂದಳು ರೊವೀನಾ.

ಮತ್ತೆ ಮಾತು ನಿಂತಿತು. ಕ್ರಿಸ್ಮಸ್ ಹೀಗೇ ಕಳೆಯಿತು.

ಚಳಿ ಮುಗಿಯುವ ಹೊತ್ತಿಗೆ ಪೊಲೀಸಿನವನು ಬೇರೆ ವಕೀಲನನ್ನು ಹಿಡಿದ. ಈ ಹೊಸಬ ದೊಡ್ಡ ಊರಿನವನು. ಬೆಳಗಿನ ಕರೆಯನ್ನು, ತಪ್ಪಿಸಿಕೊಂಡವರು ಆಮೇಲೆ ಕೇಳಲೆಂದು ಚರ್ಚಿನವರು ರೆಕಾರ್ಡ್ ಮಾಡಿ ಇಡುತ್ತಾರೆ. ನಮಗೆಲ್ಲ ಗೊತ್ತಿದ್ದದ್ದೇ, ಯಾರಿಗೂ ನೆನಪಾಗಿರಲಿಲ್ಲ. ಹೊಸ ವಕೀಲನಿಗೆ ಅದು ಸಿಕ್ಕಿಬಿಟ್ಟಿತು. ಜ್ಯೂರಿಯಲ್ಲಿದ್ದವಳಿಗೆ ಮನೆಯವರು ತೀರ್ಪು ಹೇಳಿಕೊಟ್ಟಿದ್ದಾರೆ, ಕೋರ್ಟಿನ ಮುಂದೆ ನಿಜವನ್ನು ಪೂರ್ತಿ ಹೇಳಿಲ್ಲ, ಆದ್ದರಿಂದ ತೀರ್ಪು ರದ್ದು ಮಾಡಿ ಮೊದಲಿನಿಂದ ವಿಚಾರಣೆ ನಡೆಸಬೇಕು ಎಂದು ಅರ್ಜಿ ಹಾಕಿದ. ನಮ್ಮೆಲ್ಲರಿಗೂ ಬರಹೇಳಿದರು. ಅಜ್ಜಿಗೆ ತಾನು ಹೇಳಿಕೊಟ್ಟ ಉಪಾಯ ಸಿಮೋನ್‌ಗೆ ನೆನಪಿತ್ತು, ನನಗೂ ಇತ್ತು.

ಅದೇ ಕೋರ್ಟು, ಅದೇ ನ್ಯಾಯಾಧೀಶೆ. ರೆಕಾರ್ಡನ್ನು ಎಲ್ಲರ ಮುಂದೆ ಹಾಕಿದರು. ನ್ಯಾಯಾಧೀಶೆ ಅಂದು ಅಮ್ಮ ಹೇಳಿದ್ದನ್ನು ಬರೆದಿಟ್ಟ ಕಾಗದ ಮುಂದಿಟ್ಟುಕೊಂಡು ಬೆರಳಿಟ್ಟು ಓದುತ್ತ ಕೇಳಿದರು. ಕಾಯಿಲೆಯವರು, ಕೆಲಸ ಕಳೆದುಕೊಂಡವರು, ಜೈಲು, ಕೊಲೆ, ಬೆನ್ನು, ಮನೆ. ಎಲ್ಲೂ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೊನೆಯಲ್ಲಿ ಆಮೆನ್‌ಗಳಾದ ಮೇಲೆ ಫೋನು ಮುಚ್ಚಿದ ಸದ್ದು, ಅಷ್ಟೇ. ಇದರಲ್ಲಿ ಹೊಸದೇನೂ ಇಲ್ಲ, ಇದನ್ನು ಆ ಜ್ಯೂರರೇ ಅದೇ ದಿನ ಬೆಳಿಗ್ಗೆ ಬಂದು ನನಗೆ ಹೇಳಿದ್ದರು, ಪ್ರಾರ್ಥಿಸಿದವರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ತೀರ್ಪು ನಿಲ್ಲುತ್ತದೆ ಎಂದು ಹೇಳಿ ನ್ಯಾಯಾಧೀಶೆ ಎದ್ದರು.

ಹೊರಗೆ ಪಡಸಾಲೆಯಲ್ಲಿ ಕೊರೀಥಾ ಬಾಸ್ಕಿನ್ ನಮಗಾಗಿ ಕಾಯುತ್ತಿದ್ದಳು. ಇಷ್ಟು ದಿನದಲ್ಲಿ ಅವಳು ನಮ್ಮ ಜೊತೆ ಮಾತಾಡಿರಲಿಲ್ಲ. ತೀರ್ಪು ಅವಳಿಗೂ ಅರ್ಧವೇ ಅಲ್ಲವೇ, ಏನು ಅನ್ನುತ್ತಾಳೋ ಎಂದು ನನಗೆ ಭಯವಾಯಿತು. ಅವಳು ನೇರವಾಗಿ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು.

"ತಾಯಿ ಟಾಲಿವರ್, ಮತ್ತೆ ಮೊದಲ್ನಿಂದ ಶುರುವಾಗಿದ್ರೆ ಆ ಫೋಟೋಗಳನ್ನ ಮತ್ತೆ ಗೋಡೆ ಮೇಲೆ ಹಾಕ್ತಿದ್ರು. ನನ್ನ ಮಗ ಕಾರಲ್ಲಿ ಒರಗಿರೋ ಫೋಟೋಗಳು. ಇನ್ನೊಂದು ಸಲ ಅದನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ. ಅವತ್ತು ನೀವು ಒಂದು ಮಾತು ಆಚೆ ಈಚೆ ಮಾಡಿದ್ರೂ ಇವತ್ತು ನೋಡ್ಬೇಕಾಗಿತ್ತು."

ಅಮ್ಮ ಬಹಳ ಹೊತ್ತು ಅವಳ ಕೈ ಬಿಡಲಿಲ್ಲ. ಆಮೇಲೆ ಹಿಂದೆ ತಿರುಗಿ, ಗೋಡೆಯ ಪಕ್ಕ ಕೋಟು ಹಿಡಿದು ನಿಂತಿದ್ದ ರೊವೀನಾಳನ್ನು ತೋಳು ಹಿಡಿದು ಎಳೆದು ಮುಂದೆ ನಿಲ್ಲಿಸಿದಳು.

"ಕೇಳಿದ್ರು, ಹೇಳ್ದೆ, ನಂದೇನು ದೊಡ್ಡದು," ಅಂದಳು. "ಯಾರೂ ಕೇಳೋ ಮುಂಚೆ ಹೋಗಿ ಹೇಳಿದೋಳು ಇವಳು. ನನ್ನ ಸೊಸೆ."